ಕೆಂಪು ಶಾಯಿಯಲ್ಲಿ ಬರೆದ ಹೆಸರು



ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿ. ಸುತ್ತಲೂ ಶೇಂಗಾ ಹೊಲಗಳು, ಆಚೆಗೆ ಬಂಡೆಗಲ್ಲಿನ ಗುಡ್ಡಗಳು. ಅಲ್ಲಿರುವ ಕೆಲವೇ ಕ್ರೈಸ್ತ ಕುಟುಂಬಗಳ ಮನೆ ಆಶೀರ್ವಾದಕ್ಕೆಂದು ನಾನು ಹೋಗಿದ್ದೆ. ಒಂದು ಮನೆಯಲ್ಲಿ ಪ್ರಾರ್ಥನೆ ಮುಗಿಸಿ ತೀರ್ಥ ಚಿಮುಕಿಸುತ್ತಿದ್ದಾಗ, ಮೂಲೆಯಲ್ಲಿದ್ದ ಕಪ್ಪು ಬಣ್ಣದ ತಗಡಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ಸಿಪಾಯಿಗಳು ಹೊತ್ತು ತಿರುಗುವ ಪೆಟ್ಟಿಗೆ. ಹೆಸರು, ನಂಬರು ಬರೆದಿದ್ದ ಜಾಗವನ್ನು ಯಾರೋ ಉಜ್ಜಿ ಅಳಿಸಿದ್ದರು.

"ಮನೆಯಲ್ಲಿ ಯಾರಮ್ಮ ಮಿಲಿಟರಿಯಲ್ಲಿದ್ದವರು?" ಎಂದು ಕೇಳಿದೆ. ತಾಯಿ ಮಾತಾಡಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ಮಗ ತಲೆ ತಗ್ಗಿಸಿದ.

ಆಮೇಲೆ ಆ ತಾಯಿಯೇ ಹೇಳಿದರು: "ಹನ್ನೊಂದು ವರ್ಷ ದುಡಿದ ಫಾದರ್. ಅವರಪ್ಪ ಕಾಯಿಲೆ ಬಿದ್ದಾಗ ರಜಕ್ಕೆ ಬಂದೋನು ಟೈಮಿಗೆ ವಾಪಸ್ ಹೋಗಲಿಲ್ಲ. ಆಮೇಲೆ ಕುಡಿಯೋದೂ ಕಲಿತ. ಕೆಂಪು ಶಾಯಲ್ಲಿ ಬರೆದು ಬರೆದು, ಕೊನೆಗೆ ನೀನು ಬೇಡ ಅಂತ ಕಳಿಸಿಬಿಟ್ರು. ನನ್ನ ಮಗ ಕಳ್ಳ ಅಲ್ಲ ಫಾದರ್. ಊರವರು ಮಾತ್ರ ಓಡಿ ಬಂದೋನು ಅಂತಾರೆ."

ಮಗ ಒಂದೇ ಒಂದು ಪ್ರಶ್ನೆ ಕೇಳಿದ. "ಪಾಪನಿವೇದನೆ ಮಾಡಿದೀನಿ ಫಾದರ್. ಕುಡಿಯೋದೂ ಬಿಟ್ಟಿದೀನಿ. ದೇವರು ಕ್ಷಮಿಸಿದ ಮೇಲೂ ಆ ಕಾಗದ ತಿದ್ದಿಸಿ ಅಂತ ಸರ್ಕಾರದ ಬಾಗಿಲು ತಟ್ಟಿದ್ರೆ ಅದು ದುರಾಸೆ ಅಲ್ವಾ?"

ಪ್ರಿಯರೇ, ಈ ಪ್ರಶ್ನೆಗೆ ಆ ದಿನ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಇಂದು ನಿಮ್ಮೊಡನೆ ಅದನ್ನೇ ಧ್ಯಾನಿಸಬೇಕೆಂದಿದ್ದೇನೆ.

ಮೊದಲು ವಿಷಯ ತಿಳಿಯೋಣ. ಸೇನೆಯಿಂದ ಹೊರಬರುವ ದಾರಿಗಳೆಲ್ಲ ಒಂದೇ ಅಲ್ಲ. ಅವಧಿ ಮುಗಿಸಿ ಗೌರವದಿಂದ ಬರುವವನೊಬ್ಬ. ಸೇವೆ ಇನ್ನು ಬೇಕಿಲ್ಲವೆಂದು ನಡುವೆಯೇ ಬಿಡುಗಡೆ ಹೊಂದುವವನು ಮತ್ತೊಬ್ಬ. ತಪ್ಪಿಗಾಗಿ ವಜಾ ಆಗುವವನು ಇನ್ನೊಬ್ಬ. ಸಿಪಾಯಿಗೆ ಸೇವಾ ಪಿಂಚಣಿ ಸಿಗಬೇಕಾದರೆ ಸಾಮಾನ್ಯವಾಗಿ 15 ವರ್ಷಗಳ ಸೇವೆ ಆಗಿರಬೇಕು. ವಜಾ ಆದವನು, ಎಷ್ಟೇ ವರ್ಷ ದುಡಿದಿರಲಿ, ಹಿಂದಿನ ಸೇವೆಯ ಪಿಂಚಣಿಯನ್ನು ಕಳೆದುಕೊಳ್ಳುತ್ತಾನೆ. ದುರ್ನಡತೆಗಾಗಿ ಹೊರಹಾಕಲ್ಪಟ್ಟವನಿಗೆ ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಹೀಗೆ ಒಂದು ಕಾಗದದ ಒಂದು ಪದ, ಹೆಂಡತಿಯ ಅಡುಗೆಮನೆಯನ್ನೂ ಮಕ್ಕಳ ಶಾಲೆಯನ್ನೂ ಮುಟ್ಟುತ್ತದೆ.

ಅಮೆರಿಕದಲ್ಲಿ ಇಂಥ ಬಿಡುಗಡೆ ಪತ್ರಗಳನ್ನು ಮರುಪರಿಶೀಲಿಸಲು 1944ರ ಕಾನೂನಿನಿಂದಲೇ ಮಂಡಳಿಗಳು ಬಂದವು. ನಮ್ಮ ದೇಶದಲ್ಲಿ ದಾರಿ ಬೇರೆ. ಮೊದಲು ಸೇನೆಯ ಮೇಲಧಿಕಾರಿಗಳಿಗೆ ಕಾನೂನುಬದ್ಧ ದೂರು ಅಥವಾ ಮನವಿ ಸಲ್ಲಿಸಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ, ಇಲ್ಲವೇ ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. 2007ರ ಕಾನೂನಿನಂತೆ ಸ್ಥಾಪನೆಯಾದ ಈ ನ್ಯಾಯಮಂಡಳಿ 2009ರಿಂದ ಕೆಲಸ ಮಾಡುತ್ತಿದೆ. ದಿಲ್ಲಿಯ ಪ್ರಧಾನ ಪೀಠವಲ್ಲದೆ ಕೊಚ್ಚಿ, ಚೆನ್ನೈ ಮುಂತಾದ ಕಡೆಗಳಲ್ಲಿ ಅದರ ಪೀಠಗಳಿವೆ. ಅರ್ಜಿಗೆ ಕಾಲಮಿತಿ ಉಂಟು. ತಡವಾಗಿದ್ದರೆ ತಕ್ಕ ಕಾರಣ ಕೊಡಬೇಕು.

ಕೆಂಪು ಶಾಯಿಯ ನಮೂದುಗಳು ನಾಲ್ಕಾದರೆ ಸಿಪಾಯಿಯ ಕಥೆ ಮುಗಿಯಿತು ಎಂದೇ ಬಹಳ ಜನ ತಿಳಿದಿದ್ದರು. 2015ರ ಅಕ್ಟೋಬರಿನಲ್ಲಿ ವೀರೇಂದ್ರ ಕುಮಾರ್ ದುಬೆ ಎಂಬ ಸೈನಿಕರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಬೇರೆ ಮಾತು ಹೇಳಿತು. ನಾಲ್ಕು ನಮೂದುಗಳಿವೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಕಳಿಸುವಂತಿಲ್ಲ. 1988ರ ಡಿಸೆಂಬರಿನಲ್ಲಿ ಸೇನಾ ಪ್ರಧಾನ ಕಚೇರಿಯೇ ಹೊರಡಿಸಿದ ಸೂಚನೆಯಂತೆ ಮೊದಲು ವಿಚಾರಣೆ ನಡೆಯಬೇಕು. ತಪ್ಪಿನ ಸ್ವರೂಪ, ಸೇವೆಯ ಉದ್ದ, ಕಷ್ಟದ ಜಾಗಗಳಲ್ಲಿ ದುಡಿದದ್ದು, ಪಿಂಚಣಿಗೆ ಎಷ್ಟು ಹತ್ತಿರವಿದ್ದಾನೆ ಎಂಬುದು, ಇವೆಲ್ಲವನ್ನೂ ತೂಗಿ ನೋಡಬೇಕು ಎಂದಿತು. ಪಿಂಚಣಿಗೆ ಬೇಕಾದ ಅವಧಿ ತುಂಬುವವರೆಗೆ ಅವರು ಸೇವೆಯಲ್ಲಿದ್ದರೆಂದೇ ಎಣಿಸಲು ಆದೇಶಿಸಿತು. ಹಿಂದಿನ ಸಂಬಳ ಮಾತ್ರ ಕೊಡಿಸಲಿಲ್ಲ. ಹಾಗೆಂದು ಬಾಗಿಲು ತಟ್ಟಿದ ಎಲ್ಲರಿಗೂ ಹೀಗೇ ಆಗಿದೆ ಎಂದು ತಿಳಿಯಬೇಡಿ. ಮತ್ತೆ ಮತ್ತೆ ತಪ್ಪು ಮಾಡಿದವರ ಬಿಡುಗಡೆಯನ್ನು ನ್ಯಾಯಾಲಯ ಎತ್ತಿಹಿಡಿದದ್ದೂ ಉಂಟು.

ಈಗ ಆ ಮಗನ ಪ್ರಶ್ನೆಗೆ ಬರೋಣ. ದೇವರ ಕ್ಷಮೆ ದೊರೆತ ಮೇಲೆ ಮನುಷ್ಯರ ನ್ಯಾಯ ಕೇಳುವುದು ತಪ್ಪೇ?

ಪೇತ್ರನನ್ನು ನೆನೆಯಿರಿ. ಬೆಂಕಿಯ ಬಳಿ ಮೂರು ಸಾರಿ ತನ್ನ ಗುರುವನ್ನು ಅರಿಯೆನೆಂದವನು ಅವನು. ಕಾವಲಿನ ಸಮಯದಲ್ಲಿ ಜಾಗ ಬಿಟ್ಟು ಓಡಿದ ಸಿಪಾಯಿಯೇ ಸರಿ. ಪುನರುತ್ಥಾನರಾದ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಅವನಿಗೆ ಏನು ಮಾಡಿದರು? ಕ್ಷಮಿಸಿದೆ, ಮನೆಗೆ ಹೋಗು ಎಂದರೇ? ಇಲ್ಲ. ಮೂರು ಸಾರಿ ಪ್ರೀತಿಯನ್ನು ಕೇಳಿ, ಮೂರು ಸಾರಿ ಕುರಿಮಂದೆಯ ಜವಾಬ್ದಾರಿ ಒಪ್ಪಿಸಿದರು. ದುಂದುಗಾರ ಮಗನಿಗೂ ತಂದೆ ಊಟ ಕೊಟ್ಟು ಸುಮ್ಮನಾಗಲಿಲ್ಲ; ಊರಿನ ಕಣ್ಣೆದುರಿಗೇ ಉಡುಪು, ಉಂಗುರ, ಕೆರ ತೊಡಿಸಿದ. ದೇವರು ಕ್ಷಮಿಸುವಾಗ ಮಾನವನ್ನೂ ಹಿಂದಿರುಗಿಸುತ್ತಾನೆ. ಆದ್ದರಿಂದ ಮಾನ ಕೇಳುವುದು ದುರಾಸೆಯಲ್ಲ. ಸಂತ ಲೂಕರ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಬರುವ ಬಡ ವಿಧವೆ ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಹೋದಳು. ಪ್ರಭು ಅವಳನ್ನು ಹಟಮಾರಿ ಎನ್ನಲಿಲ್ಲ, ಪ್ರಾರ್ಥನೆಗೆ ಮಾದರಿ ಎಂದರು.

ಆದರೆ ಮಾನ ಕೇಳುವವನು ಸತ್ಯವನ್ನು ಬಿಡಬಾರದು. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದರು. ತಾಯಿತಂದೆಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂದು ಆ ಬಂಡೆಗಳು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಹೇಳುತ್ತಿವೆ. ಕಳಿಂಗ ಯುದ್ಧದ ರಕ್ತಕ್ಕೆ ಪಶ್ಚಾತ್ತಾಪಪಟ್ಟ ಅದೇ ಅರಸ, ಉತ್ತರ ದೇಶದ ತನ್ನ ಸ್ತಂಭ ಶಾಸನವೊಂದರಲ್ಲಿ, ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಬಿಡುವು ಕೊಟ್ಟಿದ್ದಾನೆ. ಬಂಧುಗಳು ಅವರ ಪರವಾಗಿ ಬೇಡಿಕೊಳ್ಳಲಿ ಎಂದು! ಕ್ರಿಸ್ತನನ್ನು ಅರಿಯದ ಅರಸನಿಗೇ ಇಷ್ಟು ತಿಳಿದಿತ್ತು. ಹಾಗಾದರೆ ನಾವು, ಒಂದೇ ಬಲಿಪೀಠದ ಸುತ್ತ ಸೇರುವವರು, ನಮ್ಮ ಸಹೋದರನಿಗೆ ಮೂರು ದಿನವಾದರೂ ಕೊಡಬೇಡವೇ?

ಸಂತ ಪೌಲರು ಮಾಡಿದ್ದು ಅದನ್ನೇ. ಒಡೆಯನ ಮನೆಯಿಂದ ದೂರವಾದ ಒನೇಸಿಮನಿಗಾಗಿ ಅವರು ಸೆರೆಮನೆಯಿಂದ ಫಿಲೆಮೋನನಿಗೆ ಪತ್ರ ಬರೆದರು. ನಷ್ಟವೇ ಆಗಿಲ್ಲವೆಂದು ಬರೆಯಲಿಲ್ಲ. ಏನಾದರೂ ಬಾಕಿಯಿದ್ದರೆ ಅದು ತಮ್ಮ ಲೆಕ್ಕಕ್ಕಿರಲಿ ಎಂದರು. ಒಳ್ಳೆಯ ಮನವಿ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಮಾದರಿ ಬೇಕೇ? ಆದ ತಪ್ಪನ್ನು ಒಪ್ಪಿಕೊಳ್ಳಬೇಕು. ಆಗದ ತಪ್ಪನ್ನು ಹೊರಬಾರದು. ಸುಳ್ಳು ವೈದ್ಯಕೀಯ ಪತ್ರ ಮಾಡಿಸಿಕೊಡುತ್ತೇನೆ ಎನ್ನುವವನನ್ನೂ, ದುಡ್ಡು ಕೊಟ್ಟರೆ ಪಿಂಚಣಿ ಮಾಡಿಸುತ್ತೇನೆ ಎನ್ನುವವನನ್ನೂ ಮನೆ ಹೊಸ್ತಿಲಿಗೆ ಸೇರಿಸಬಾರದು.

ನಾನು ಆ ಮನೆಗೆ ಎರಡನೆಯ ಸಾರಿ ಹೋದಾಗ ಮೂವರೂ ಕೂತು ಪೆಟ್ಟಿಗೆ ತೆರೆದೆವು. ಡಿಸ್ಚಾರ್ಜ್ ಬುಕ್ ಇತ್ತು, ಆದೇಶದ ಪ್ರತಿ ಇರಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅದನ್ನು ಕೇಳಿ ದಾಖಲೆ ಕಚೇರಿಗೆ ಅರ್ಜಿ ಬರೆದೆವು. ನೋಟೀಸು ಕೊಟ್ಟಿದ್ದರೇ, ವಿಚಾರಣೆ ಮಾಡಿದ್ದರೇ ಎಂದು ಅವನು ನೆನಪು ಮಾಡಿಕೊಂಡು ಬರೆದ. ರಜೆ ಮೀರಿದ ದಿನಗಳನ್ನು ಬರೆಯುವಾಗ ಅವನ ಕೈ ನಿಂತಿತು. "ಇದನ್ನೂ ಬರೀಲಾ ಫಾದರ್?" ಎಂದ. "ಬರಿಯಪ್ಪ," ಎಂದರು ತಾಯಿ, "ನಿಮ್ಮಪ್ಪ ಹಾಸಿಗೆ ಹಿಡಿದಿದ್ದೂ ಬರಿ, ನೀನು ಕುಡಿದಿದ್ದೂ ಬರಿ." ಅದನ್ನು ಬರೆದಾಗ ಆ ಮನೆಯಲ್ಲಿ ಎಷ್ಟೋ ವರ್ಷಗಳ ಮೌನ ಮುರಿಯಿತು. ಅರ್ಜಿ ಇನ್ನೂ ನಡೆಯುತ್ತಿದೆ. ಫಲ ಏನಾಗುವುದೋ ದೇವರೇ ಬಲ್ಲ.

ಫಲ ಬಾರದಿದ್ದರೆ? ಮಾರ್ಚ್ 8ರಂದು ನಾವು ಹಬ್ಬ ಆಚರಿಸುವ 'ದೇವರ ಯೊವಾನ್ನ' ಎಂಬ ಸಂತರನ್ನು ನೆನೆಯಿರಿ. 1495ರಲ್ಲಿ ಪೋರ್ಚುಗಲ್ಲಿನಲ್ಲಿ ಹುಟ್ಟಿದ ಅವರೂ ಸಿಪಾಯಿಯಾಗಿದ್ದರು. ಕಾಯಲು ಒಪ್ಪಿಸಿದ್ದ ಸಾಮಾನು ಕಳವಾಯಿತೆಂದು ಅವರಿಗೆ ಗಲ್ಲು ವಿಧಿಸಲಾಯಿತು. ಹೇಗೋ ಜೀವ ಉಳಿದು ಸೈನ್ಯದಿಂದ ಹೊರದೂಡಲ್ಪಟ್ಟರು. ಮುಂದೆ ಗ್ರಾನಡಾದಲ್ಲಿ ಬಡರೋಗಿಗಳಿಗಾಗಿ ಆಸ್ಪತ್ರೆ ತೆರೆದರು. ಧರ್ಮಸಭೆ 1690ರಲ್ಲಿ ಅವರನ್ನು ಸಂತರೆಂದು ಸಾರಿತು. ಸೈನ್ಯದ ಪುಸ್ತಕದಲ್ಲಿ ಅವರ ಹೆಸರು ಹೇಗಿತ್ತೆಂದು ಇಂದು ಯಾರೂ ಕೇಳುವುದಿಲ್ಲ.

ಪ್ರಿಯರೇ, ನಿಮ್ಮ ಧರ್ಮಕೇಂದ್ರದಲ್ಲಿ ಇಂಥ ಮನೆಯೊಂದಿದ್ದರೆ ಈ ವಾರ ಅಲ್ಲಿಗೆ ಹೋಗಿ. ಏಕೆ ಕಳಿಸಿದರು ಎಂದು ಕೆದಕಬೇಡಿ. ಊಟ ಆಯಿತೇ ಎಂದು ಕೇಳಿ. ಓದು ಬಲ್ಲವರು ಅರ್ಜಿ ಬರೆದುಕೊಡಿ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಜೊತೆಯಲ್ಲಿ ಹೋಗಿ. ಓಡಿಬಂದವನು ಎಂಬ ಮಾತು ನಮ್ಮ ಬಾಯಿಂದ ಬಂದಿದ್ದರೆ ಅದನ್ನೂ ಪಾಪನಿವೇದನೆಯಲ್ಲಿ ಹೇಳೋಣ.

ಪ್ರಾರ್ಥಿಸೋಣ: ಪೇತ್ರನನ್ನು ಎತ್ತಿ ನಿಲ್ಲಿಸಿದ ಪ್ರಭುವೇ, ಮಾನ ಕಳೆದುಕೊಂಡು ಮೂಲೆಯಲ್ಲಿ ಕೂತಿರುವ ನಮ್ಮ ಮಕ್ಕಳಿಗೆ ಸತ್ಯ ಹೇಳುವ ಧೈರ್ಯವನ್ನೂ, ಕಾಯುವ ತಾಳ್ಮೆಯನ್ನೂ ಕೊಡು. ನಮಗೆ ಅವರ ಜೊತೆ ನಡೆಯುವ ಮನಸ್ಸು ಕೊಡು. ಆಮೆನ್.