ಅತಿಭಾರಾರೋಪಣ: ಎತ್ತಿನ ಬೆನ್ನಿನಿಂದ ಗಿರಣಿಯ ಬಾಗಿಲಿಗೆ

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿಸುವ ಪದ್ಧತಿ ನಮ್ಮ ಮನೆಯಲ್ಲಿತ್ತು. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು ಎಂದು ಅಜ್ಜ ತಿದ್ದಿ ಹೇಳುತ್ತಿದ್ದರು. ನಾಲ್ಕನೆಯದಕ್ಕೆ ಅವರು ವ್ಯಾಖ್ಯಾನ ಮಾಡಿದ್ದು ನೆನಪಿಲ್ಲ. ಮಾಡಿ ತೋರಿಸಿದ್ದು ನೆನಪಿದೆ. ಗಾಡಿಗೆ ಏರು ಎದುರಾದೊಡನೆ ಅವರು ಇಳಿದು ಎತ್ತುಗಳ ಪಕ್ಕದಲ್ಲಿ ನಡೆಯುತ್ತಿದ್ದರು. ಮಕ್ಕಳಾದ ನಾವೂ ಇಳಿಯಬೇಕಾಗಿತ್ತು. ಆದರೆ ಆ ಗಾಡಿಗೆ ಮೂಟೆಗಳನ್ನು ಹೊತ್ತು ತುಂಬಿದ ಆಳಿನ ಬೆನ್ನಿನ ವಿಷಯವಾಗಿ ಅಜ್ಜ ಏನಾದರೂ ಹೇಳಿದ್ದು ನನ್ನ ಸ್ಮರಣೆಯಲ್ಲಿಲ್ಲ. ಕೇಳಬೇಕೆಂದು ನನಗೂ ಆಗ ಹೊಳೆಯಲಿಲ್ಲ.

ಶಾಸ್ತ್ರಕಾರರಿಗೆ ಹೊಳೆಯದೆ ಇತ್ತೆ? ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವೃತ್ತಿಯನ್ನು ಬರೆದ ಪೂಜ್ಯಪಾದಾಚಾರ್ಯರು, ನಮ್ಮ ಕನ್ನಡನಾಡಿನವರೆಂದೇ ಪರಂಪರೆ ಗೌರವಿಸುವ ಮಹಾನುಭಾವರು, ಅತಿಭಾರವನ್ನು ಅಳೆಯಲು ತೂಕದ ಮಾತನ್ನು ಎತ್ತುವುದಿಲ್ಲ. ನ್ಯಾಯ್ಯವಾದ ಭಾರಕ್ಕಿಂತ ಹೆಚ್ಚಿನದನ್ನು ಹೊರಿಸುವುದೇ ಅತಿಭಾರ ಎನ್ನುತ್ತಾರೆ. ಅಳತೆಗೋಲು ಪ್ರಾಣಿಯ ಶಕ್ತಿಯೊಂದೇ ಅಲ್ಲ, ನ್ಯಾಯವೂ ಹೌದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಅತಿಭಾರವನ್ನು ಅಹಿಂಸೆಯ ಅತಿಚಾರಗಳಲ್ಲಿ ಹೇಳಿದ ಮೇಲೆ ಪರಿಗ್ರಹಪರಿಮಾಣದ ಅತಿಚಾರಗಳಲ್ಲಿಯೂ ಮತ್ತೆ ಹೇಳುತ್ತಾರೆ. ಅಲ್ಲಿ ಅತಿವಾಹನವೆಂಬ ಮತ್ತೊಂದು ದೋಷವನ್ನೂ, ಅಂದರೆ ಲಾಭದಾಸೆಯಿಂದ ಮಿತಿಮೀರಿ ನಡೆಸುವುದನ್ನೂ, ಜೊತೆಗೆ ಸೇರಿಸುತ್ತಾರೆ. ಒಂದೇ ಕೃತ್ಯವು ಎರಡು ವ್ರತಗಳನ್ನು ಕೆಡಿಸುತ್ತದೆ: ಹೊರುವವನ ಕಡೆಯಿಂದ ನೋಡಿದರೆ ಅದು ಹಿಂಸೆ, ಹೊರಿಸುವವನ ಕಡೆಯಿಂದ ನೋಡಿದರೆ ಲೋಭ. ಇಷ್ಟು ಸೂಕ್ಷ್ಮವಾಗಿ ಕಂಡ ಪರಂಪರೆಯೇ ದಾಸೀದಾಸರನ್ನು ಹೊಲ, ಮನೆ, ಚಿನ್ನ, ಧಾನ್ಯಗಳ ಜೊತೆಗೆ ಪರಿಗ್ರಹದ ಪಟ್ಟಿಯಲ್ಲಿ ಎಣಿಸಿತೆಂಬುದನ್ನೂ ನಾವು ಮರೆಮಾಚಬಾರದು. ಎಣಿಕೆಗೆ ಮಿತಿ ಹಾಕಿದ್ದು ದೊಡ್ಡದು. ಎಣಿಸಲ್ಪಟ್ಟವನು ಏನು ಹೇಳುತ್ತಾನೆಂದು ಕೇಳುವ ಕಾಲ ಇನ್ನೂ ಬಂದಿರಲಿಲ್ಲ.

ಆ ಕಾಲವು ಬಂದ ಊರುಗಳಲ್ಲಿ ಅಹಮದಾಬಾದ್ ಒಂದು. ಜೈನ ಸಮಾಜಕ್ಕೆ ಆ ಊರಿನ ಕಥೆ ಹೊರಗಿನವರ ಕಥೆಯಲ್ಲ. ರಣಛೋಡ್‌ಲಾಲ್ ಛೋಟಾಲಾಲರ ಮೊದಲ ಬಟ್ಟೆ ಗಿರಣಿಯು 1861ರಲ್ಲಿ ನೂಲಲು ತೊಡಗಿದ ಮೇಲೆ, ಜೈನ ಮತ್ತು ವೈಷ್ಣವ ವರ್ತಕ ಮನೆತನಗಳ ಬಂಡವಾಳವು ಲೇವಾದೇವಿಯಿಂದ ಗಿರಣಿಗಳತ್ತ ಹರಿಯಿತು. ಉಳುಮೆಯಲ್ಲಿ ಮಣ್ಣಿನ ಜೀವಗಳಿಗೆ ಬಾಧೆಯೆಂದು ನೇಗಿಲನ್ನು ಬಿಟ್ಟು ತಕ್ಕಡಿಯನ್ನು ಹಿಡಿದ ಮನೆತನಗಳ ಪಾಲಿಗೆ ಗಿರಣಿಯು ನಿರ್ದೋಷವಾದ ವ್ಯವಹಾರವಾಗಿ ಕಂಡಿರಬೇಕು. ಹತ್ತಿ ಒಳಗೆ ಹೋಗುತ್ತದೆ, ಬಟ್ಟೆ ಹೊರಗೆ ಬರುತ್ತದೆ. ಯಾವ ಜೀವವೂ ಸಾಯುವುದಿಲ್ಲ. ಒಳಗೆ ದುಡಿಯುವವರ ಸ್ಥಿತಿಯನ್ನು ಅರಿಯಲು ಅಂದಿನ ಕಾನೂನುಗಳೇ ಸಾಕು. 1881ರ ಕಾರ್ಖಾನೆ ಕಾನೂನು ಏಳು ವರ್ಷ ತುಂಬದ ಮಗುವನ್ನು ದುಡಿಸಬಾರದೆಂದಿತು. ಏಳರಿಂದ ಹನ್ನೆರಡರವರೆಗಿನ ಮಕ್ಕಳಿಗೆ ದಿನಕ್ಕೆ 9 ಗಂಟೆ! ಹೆಂಗಸರಿಗೆ 11 ಗಂಟೆಯ ಮಿತಿ ಬಂದದ್ದು 1891ರಲ್ಲಿ, ಬಟ್ಟೆ ಗಿರಣಿಯ ಗಂಡಸರಿಗೆ 12 ಗಂಟೆಯ ಮಿತಿ ಬಂದದ್ದು 1911ರಲ್ಲಿ. ಇದನ್ನೇ ಸುಧಾರಣೆಯೆಂದು ಕರೆಯಬೇಕಾಗಿದ್ದರೆ ಅದಕ್ಕೆ ಮುಂಚಿನ ಸ್ಥಿತಿಯನ್ನು ಓದುಗರೇ ಊಹಿಸಬಹುದು.

ಅನಸೂಯಾ ಸಾರಾಭಾಯಿ 1885ರಲ್ಲಿ ಅಂಥದೇ ಒಂದು ಗಿರಣಿ ಮಾಲೀಕರ ಜೈನ ಮನೆತನದಲ್ಲಿ ಹುಟ್ಟಿದರು. ಒಂಬತ್ತನೆಯ ವಯಸ್ಸಿಗೆ ತಂದೆತಾಯಿಗಳನ್ನು ಕಳೆದುಕೊಂಡರು. ಹದಿಮೂರಕ್ಕೆ ಮದುವೆಯಾಯಿತು, ಆ ಬಾಳು ಹೊಂದದೆ ತವರಿಗೆ ಮರಳಿದರು. ಐದು ವರ್ಷ ಕಿರಿಯನಾದ ತಮ್ಮ ಅಂಬಾಲಾಲರ ನೆರವಿನಿಂದ ವೈದ್ಯಶಾಸ್ತ್ರವನ್ನು ಕಲಿಯಲು ಇಂಗ್ಲೆಂಡಿಗೆ ಹೋದರು. ಆದರೆ ಅಲ್ಲಿ ಪ್ರಾಣಿಗಳನ್ನು ಕೊಯ್ದು ಅಭ್ಯಾಸ ಮಾಡಬೇಕೆಂದು ತಿಳಿದಾಗ ಜೈನಸಂಸ್ಕಾರವು ಅಡ್ಡಬಂದು, ಲಂಡನ್ನಿನ ಅರ್ಥಶಾಸ್ತ್ರ ವಿದ್ಯಾಲಯವನ್ನು ಸೇರಿದರು. ಕಪ್ಪೆಯನ್ನು ಕೊಯ್ಯಲಾರದ ಆ ಮನಸ್ಸು 1913ರಲ್ಲಿ ಊರಿಗೆ ಮರಳಿದಾಗ ಯಾವುದನ್ನು ನೋಡಬೇಕಾಯಿತೆಂಬುದನ್ನು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಒಂದು ಮುಂಜಾನೆ ಅಂಗಳದಲ್ಲಿ ಮಕ್ಕಳ ತಲೆ ಬಾಚುತ್ತ ಕುಳಿತಿದ್ದಾಗ ಸುಮಾರು 15 ಮಂದಿ ಕೆಲಸಗಾರರು ಮಂಕು ಬಡಿದವರಂತೆ ನಡೆದುಹೋಗುತ್ತಿದ್ದರು. ಕರೆದು ಕೇಳಿದರೆ, ಎರಡು ರಾತ್ರಿ ಒಂದು ಹಗಲು, ಅಂದರೆ 36 ಗಂಟೆ ಬಿಡುವಿಲ್ಲದೆ ದುಡಿದು ಮನೆಗೆ ಹೋಗುತ್ತಿದ್ದೇವೆಂದರು. ಹನ್ನೆರಡು ಗಂಟೆಯ ಕಾನೂನು ಆಗ ಪುಸ್ತಕದಲ್ಲಿ ಇತ್ತೆಂಬುದನ್ನು ಓದುಗರು ಗಮನಿಸಬೇಕು. ಅಂದಿನಿಂದ ಅನಸೂಯಾ ಅವರ ಆಯುಷ್ಯವೆಲ್ಲ ಕಾರ್ಮಿಕರಿಗೆ ಮೀಸಲಾಯಿತು.

1917ರಲ್ಲಿ ಪ್ಲೇಗು ಬಂತು. ಜನ ಊರು ಬಿಟ್ಟು ಓಡಿದರು. ನೇಕಾರರು ಮಗ್ಗದ ಬಳಿಯಲ್ಲೇ ಉಳಿಯಲೆಂದು ಮಾಲೀಕರು ಕೂಲಿಯ ಮೇಲೆ ಪ್ಲೇಗು ಬೋನಸ್ಸನ್ನು ಕೊಟ್ಟರು, ಕೆಲವರಿಗೆ ಶೇಕಡಾ 70ರಿಂದ 80ರವರೆಗೆ. ಪ್ಲೇಗು ಇಳಿಯಿತು, ಬೋನಸ್ಸು ನಿಂತಿತು; ಮಹಾಯುದ್ಧದಿಂದ ಏರಿದ ಧಾನ್ಯದ ಬೆಲೆ ಮಾತ್ರ ಇಳಿಯಲಿಲ್ಲ. ನೇಕಾರರು ಶೇಕಡಾ 50 ಕೇಳಿದರು, ಮಾಲೀಕರು 20 ಎಂದರು. ಗಾಂಧೀಜಿಯವರು ಲೆಕ್ಕಪತ್ರಗಳನ್ನು ಪರಿಶೀಲಿಸಿ 35 ಎಂದರು. 1918ರ ಫೆಬ್ರವರಿ 22ರಂದು ಮಾಲೀಕರು ನೇಕಾರರಿಗೆ ಗಿರಣಿಗಳ ಬಾಗಿಲನ್ನು ಮುಚ್ಚಿದರು. ಮಾಲೀಕರ ಮುಂದಾಳು ಅಂಬಾಲಾಲ್. ನೇಕಾರರ ಕಡೆಯಲ್ಲಿ ನಿಂತವರು ಅವರ ಅಕ್ಕ.

ಅಂಬಾಲಾಲರನ್ನು ಕಟುಕರೆಂದು ಭಾವಿಸಿದರೆ ನಮ್ಮ ಪ್ರಶ್ನೆಯೇ ಸುಲಭವಾಗಿಬಿಡುತ್ತದೆ. ಅವರು ಹಾಗಿರಲಿಲ್ಲ. 1915ರಲ್ಲಿ ಗಾಂಧೀಜಿ ಒಂದು ಅಸ್ಪೃಶ್ಯ ಕುಟುಂಬವನ್ನು ಆಶ್ರಮಕ್ಕೆ ಸೇರಿಸಿಕೊಂಡಾಗ ಊರಿನ ಸಹಾಯವೆಲ್ಲ ನಿಂತುಹೋಗಿತ್ತು. ಆಗ ಒಬ್ಬ ಶೇಠರು ಗಾಡಿಯಲ್ಲಿ ಬಂದು 13,000 ರೂಪಾಯಿಯ ನೋಟುಗಳನ್ನು ಕೈಗಿತ್ತು, ಒಳಕ್ಕೂ ಕಾಲಿಡದೆ ಹೊರಟುಹೋದರು. ಆತ್ಮಕಥೆಯಲ್ಲಿ ಗಾಂಧೀಜಿ ಹೆಸರನ್ನು ಹೇಳಿಲ್ಲ; ಅವರು ಅಂಬಾಲಾಲರೆಂಬುದು ಬಳಿಕ ಎಲ್ಲರೂ ಅರಿತ ಸಂಗತಿ. ಗುಪ್ತದಾನಕ್ಕೆ ಇದಕ್ಕಿಂತ ಉತ್ತಮ ಉದಾಹರಣೆಯನ್ನು ಯಾವ ಕಥಾಕೋಶದಿಂದ ತರೋಣ? ಅದೇ ಕೈ ಮೂರು ವರ್ಷಗಳ ಬಳಿಕ ಶೇಕಡಾ 35ಕ್ಕೆ ಒಪ್ಪಲಿಲ್ಲ. ಹಣದ ಲೋಭವೆಂದು ಹೇಳಿ ಮುಗಿಸುವಂತಿಲ್ಲ. ಮಾಲೀಕರ ವಾದ ಬೇರೆಯಿತ್ತು: ನಮಗೂ ಕಾರ್ಮಿಕರಿಗೂ ಇರುವುದು ತಂದೆಮಕ್ಕಳ ಸಂಬಂಧ, ನಡುವೆ ಮೂರನೆಯವರ ಪಂಚಾಯ್ತಿಕೆಯೇಕೆ? ಕೊಡುವುದಾದರೆ ನಾವಾಗಿಯೇ ಕೊಡುತ್ತೇವೆ.

ಈ ವಾದವನ್ನು ನಾನು ಹಲವು ಬಾರಿ ಯೋಚಿಸಿದ್ದೇನೆ, ಏಕೆಂದರೆ ಇದು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುವ ಮಾತು. ಆಳಿನ ಮಗಳ ಮದುವೆಗೆ ಸೀರೆ ಕೊಟ್ಟೆವು, ಆಸ್ಪತ್ರೆಯ ಖರ್ಚನ್ನು ನೋಡಿಕೊಂಡೆವು ಎನ್ನುತ್ತೇವೆ. ಅದು ಸುಳ್ಳೂ ಅಲ್ಲ. ಆದರೆ ದಾನದಲ್ಲಿ ಕಾಲ, ಮೊತ್ತ, ಪಾತ್ರ ಮೂರನ್ನೂ ಆರಿಸುವವನು ದಾತೃ. ಪುಣ್ಯವೂ ಅವನದೇ, ಪಡೆದವನಿಗೆ ಉಳಿಯುವುದು ಕೃತಜ್ಞತೆ. ಕೂಲಿಯಲ್ಲಿ ಹಾಗಲ್ಲ, ಅದು ಸಂದಾಯವಾಗಬೇಕಾದ ಋಣ. ಸಲ್ಲಬೇಕಾದುದನ್ನು ತಡೆಹಿಡಿದು ಅದರ ಒಂದಂಶವನ್ನು ದಾನವಾಗಿ ಕೊಡುವುದು ಪೂಜ್ಯಪಾದರು ಹೇಳಿದ ನ್ಯಾಯ್ಯ ಎಂಬ ಮಾತಿನ ಮುಂದೆ ನಿಲ್ಲುವುದಿಲ್ಲ. ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ಹೇಮಚಂದ್ರಾಚಾರ್ಯರೂ ಆಶಾಧರ ಪಂಡಿತರೂ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಇಟ್ಟದ್ದು ಸುಮ್ಮನಲ್ಲ.

ಹೋರಾಟದ ಉಳಿದ ಭಾಗ ಪ್ರಸಿದ್ಧವಾದುದು. ಸಾಬರಮತಿಯ ದಡದ ಜಾಲಿಮರದ ಕೆಳಗೆ ದಿನವೂ ಸಭೆ ಸೇರುತ್ತಿತ್ತು, ದಿನವೂ ಕರಪತ್ರ ಹೊರಡುತ್ತಿತ್ತು. ಭಿಕ್ಷೆ ಬೇಡ, ದುಡಿದೇ ತಿನ್ನೋಣವೆಂದು ನೇಕಾರರು ಆಶ್ರಮದ ಕಟ್ಟಡಕ್ಕೆ ಮರಳು ಹೊರುವಾಗ, ಆ ಸಾಲಿನ ಮುಂದೆ ತಲೆಯ ಮೇಲೆ ಬುಟ್ಟಿಯಿಟ್ಟು ನಡೆದವರು ಅನಸೂಯಾ. ಹಸಿವಿನಿಂದ ಜನರ ಧೈರ್ಯ ಕುಂದಿತು. ಗಾಂಧೀಜಿ ಮಾರ್ಚ್ 15ರಂದು ಉಪವಾಸವನ್ನು ಆರಂಭಿಸಿದರು; 18ರಂದು ಒಪ್ಪಂದವಾಯಿತು. ತಮ್ಮ ಸ್ನೇಹಿತರೇ ಆಗಿದ್ದ ಮಾಲೀಕರ ಮೇಲೆ ಆ ಉಪವಾಸ ಒತ್ತಡ ಹೇರಿತು, ಅದರಲ್ಲಿ ದೋಷವಿತ್ತು ಎಂದು ಗಾಂಧೀಜಿಯೇ ಒಪ್ಪಿಕೊಂಡಿದ್ದಾರೆ. ಪರರ ಪರಿಣಾಮವನ್ನು ಬಲವಂತದಿಂದ ತಿರುಗಿಸುವುದು ಹಿಂಸೆಯ ಅಂಶವೇ ಎಂಬ ಈ ಪ್ರಶ್ನೆ ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ. ನಿರ್ಣಯವನ್ನು ಪಂಚರಾದ ಆನಂದಶಂಕರ ಧ್ರುವರಿಗೆ ಒಪ್ಪಿಸಲಾಯಿತು. ಮುಂದೆ 1933ರಲ್ಲಿ ಸ್ಯಾದ್ವಾದಮಂಜರಿಯನ್ನು ಸಂಪಾದಿಸಿ ಪ್ರಕಟಿಸಿದ ವಿದ್ವಾಂಸರು ಇವರೇ! ಎರಡೂ ಕಡೆಯ ಮಾತನ್ನು ಕೇಳಿ 1918ರ ಆಗಸ್ಟಿನಲ್ಲಿ ಅವರು ಕೊಟ್ಟ ತೀರ್ಪು ಶೇಕಡಾ 35. ಎರಡು ವರ್ಷಗಳ ಬಳಿಕ, 1920ರಲ್ಲಿ, ಅನಸೂಯಾ ಅವರ ನೇತೃತ್ವದಲ್ಲಿ ಮಜೂರ್ ಮಹಾಜನ ಸಂಘ ನೆಲೆಗೊಂಡಿತು.

ಇನ್ನು ನಮ್ಮ ಪಂಡಿತರು ಮುಂದಿಡುವ ಒಂದು ಸಮಾಧಾನವಿದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಹಿಂಸೆಗಳಲ್ಲಿ ಗೃಹಸ್ಥನು ಸಂಕಲ್ಪೀಹಿಂಸೆಯನ್ನು ಮಾತ್ರ ಪೂರ್ಣವಾಗಿ ಬಿಡಬಲ್ಲ. ಉದ್ಯೋಗದಲ್ಲಿ ಆಗುವುದು ಅನಿವಾರ್ಯ ಎಂಬುದು ಅವರ ವಾದ. ನಿಜ. ಆದರೆ ಆ ವಿನಾಯಿತಿಯು ಉದ್ಯೋಗದ ಹೆಸರಿಗೆ ಕೊಟ್ಟದ್ದಲ್ಲ, ಅನಿವಾರ್ಯತೆಗೆ ಕೊಟ್ಟದ್ದು. ಮಗ್ಗ ತಿರುಗಬೇಕಾದರೆ ಆಳು ಬೇಕು, ಅದು ಅನಿವಾರ್ಯ. ಒಬ್ಬನೇ ಆಳು 36 ಗಂಟೆ ನಿಲ್ಲಬೇಕೆಂಬುದು ಅನಿವಾರ್ಯವೆ? ಇನ್ನಿಬ್ಬರನ್ನು ಪಾಳಿಗೆ ಹಾಕಿದರೆ ಮಗ್ಗ ನಿಲ್ಲುತ್ತಿರಲಿಲ್ಲ, ಲಾಭ ಕುಗ್ಗುತ್ತಿತ್ತು ಅಷ್ಟೆ. ಅಲ್ಲಿಂದಾಚೆಗೆ ಅದು ಉದ್ಯೋಗೀಹಿಂಸೆಯ ನೆರಳಿನಲ್ಲಿ ಅಡಗಿ ಕುಳಿತ ಸಂಕಲ್ಪವೇ ಎನ್ನದೆ ವಿಧಿಯಿಲ್ಲ.

ಯಾರ ಸಂಕಲ್ಪ? ಜಪಮಾಲೆಯ 108 ಮಣಿಗಳ ಲೆಕ್ಕವನ್ನು ನಾವೆಲ್ಲ ಕಲಿತಿದ್ದೇವೆ: ಸಂರಂಭ, ಸಮಾರಂಭ, ಆರಂಭ ಮೂರು, ಮನ, ವಚನ, ಕಾಯ ಮೂರು, ಕೃತ, ಕಾರಿತ, ಅನುಮತ ಮೂರು, ಕಷಾಯ ನಾಲ್ಕು. ಯಂತ್ರಯುಗವು ಕೃತವನ್ನು ಮುಕಾದಮನ ಕೈಗಿತ್ತಿತು, ಕಾರಿತವನ್ನು ವ್ಯವಸ್ಥಾಪಕನ ಕೋಣೆಯಲ್ಲಿಟ್ಟಿತು. ದೂರದ ಊರಿನಲ್ಲಿ ಷೇರನ್ನು ಹಿಡಿದು ವರ್ಷಕ್ಕೊಮ್ಮೆ ಲಾಭಾಂಶವನ್ನು ಎಣಿಸುವವನಿಗೆ ಉಳಿದದ್ದು ಅನುಮತ. ಕೂಡುಬಂಡವಾಳದ ಕಂಪನಿಯಲ್ಲಿ ಸಾಲಕ್ಕೆ ಹೊಣೆ ಸೀಮಿತವೆಂದು ಕಾನೂನು ಹೇಳಬಲ್ಲುದು. ಆಸ್ರವಕ್ಕೆ ಅಂಥ ಮಿತಿಯನ್ನು ಯಾವ ಆಚಾರ್ಯರೂ ಹೇಳಿಲ್ಲ.

ಇಲ್ಲೊಂದು ಮಾತನ್ನು ಹೇಳಲೋ ಬೇಡವೋ ಎಂದು ಹಿಂಜರಿದೆ. 1926ರಲ್ಲಿ ಅದೇ ಅಂಬಾಲಾಲರು ತಮ್ಮ ಗಿರಣಿಯ ಆವರಣದಲ್ಲಿ ಸೇರಿದ್ದ 60 ಬೀದಿನಾಯಿಗಳನ್ನು ಕೊಲ್ಲಿಸಿದರು. ಗಾಂಧೀಜಿ ಅವರ ಪಕ್ಷ ವಹಿಸಿ ಬರೆದಾಗ ಊರೇ ಕೆರಳಿತು. ಖಂಡನೆಯ ಪತ್ರಗಳು ರಾಶಿಯಾಗಿ ಬಂದವು, ಚರ್ಚೆ ಯಂಗ್ ಇಂಡಿಯಾದ ಹಲವು ಸಂಚಿಕೆಗಳವರೆಗೆ ನಡೆಯಿತು. ನಾಯಿಗಳಿಗಾಗಿ ಮಿಡಿದವರು ತಪ್ಪು ಮಾಡಿದರೆಂದು ನಾನು ಹೇಳುವುದಿಲ್ಲ. ಆ ಮಿಡಿತವನ್ನು ಕಳೆದುಕೊಂಡರೆ ನಮ್ಮಲ್ಲಿ ಉಳಿಯುವುದೇನು? ಆದರೆ ಸತ್ತ ನಾಯಿ ಕಣ್ಣಿಗೆ ಕಾಣುತ್ತದೆ. ಮೂವತ್ತಾರು ಗಂಟೆಯ ಆಯಾಸಕ್ಕೆ ರಕ್ತ ಸುರಿಯುವುದಿಲ್ಲ. ಅದನ್ನು ಕಾಣಲು ಅಂಗಳದಲ್ಲಿ ಕುಳಿತವರು ಎದ್ದು ಕರೆದು ಕೇಳಬೇಕಾಗುತ್ತದೆ.

ನಮ್ಮ ಊರಿನ ಬಸದಿಯ ಜೀರ್ಣೋದ್ಧಾರ ನಡೆದಿದೆ. ಹೊಸ ನೆಲಗಟ್ಟಿಗೆ ಗ್ರಾನೈಟ್ ಹಾಸಲು ದರಪಟ್ಟಿಗಳನ್ನು ತರಿಸಿ, ಪದ್ಧತಿಯಂತೆ ಎಲ್ಲಕ್ಕಿಂತ ಕಡಮೆಯದನ್ನು ಮಂಜೂರು ಮಾಡಿದೆವು. ಮಂಜೂರು ಮಾಡಿದವರಲ್ಲಿ ನಾನೂ ಒಬ್ಬ. ಒಂದು ಮಧ್ಯಾಹ್ನ ಅಭಿಷೇಕದ ವ್ಯವಸ್ಥೆಗೆಂದು ಹೋದಾಗ, ಹೊರಗಿನ ತಗಡಿನ ಚಪ್ಪರದ ಕೆಳಗೆ ಹುಡುಗನೊಬ್ಬ ಕಲ್ಲಿಗೆ ಪಾಲಿಶ್ ಹಿಡಿಯುತ್ತಿದ್ದ. ನೀರು ಹಾಯಿಸದೆ ಒಣಕಲ್ಲನ್ನೇ ಉಜ್ಜುತ್ತಿದ್ದ ಯಂತ್ರ. ರೆಪ್ಪೆಗಳವರೆಗೆ ಬಿಳಿಯ ಧೂಳು. ಮೂಗಿಗೆ ಒಂದು ಹರಕು ವಸ್ತ್ರ. ಆ ಧೂಳು ಶ್ವಾಸಕೋಶದಲ್ಲಿ ಕುಳಿತರೆ ಮತ್ತೆ ಹೊರಬರುವುದಿಲ್ಲ. ಸಿಲಿಕೋಸಿಸ್ ಎಂಬ ಆ ರೋಗಕ್ಕೆ ಗುಣವೆಂಬುದಿಲ್ಲ. ಒಳಗೆ ಗರ್ಭಗೃಹದಲ್ಲಿ, ಸೂಕ್ಷ್ಮಜೀವಿಗಳಿಗೆ ಬಾಧೆಯಾಗದಿರಲೆಂದು ನಾವು ನೀರನ್ನು ಸೋಸುತ್ತಿದ್ದೆವು. ಎಷ್ಟು ಹೊತ್ತು ಕೆಲಸ ಎಂದು ಹುಡುಗನನ್ನು ಕೇಳಿದೆ. ಬೆಳಕಿರುವತನಕ, ಕರೆಂಟು ಬಂದರೆ ರಾತ್ರಿಯೂ ಎಂದ. ಕೂಲಿಯನ್ನು ಕೇಳಿದಾಗ ಗುತ್ತಿಗೆದಾರನ ಕಡೆಗೆ ನೋಡಿ ಸುಮ್ಮನಾದ.

ಮುಂದಿನ ವಿಶ್ವಸ್ಥ ಮಂಡಳಿಯ ಸಭೆಗೆ ಇನ್ನೊಂದು ದರಪಟ್ಟಿಯನ್ನು ತರಿಸಿದ್ದೇವೆ. ಅದರಲ್ಲಿ ನೀರು ಹಾಯಿಸಿ ಉಜ್ಜುವ ಯಂತ್ರ, ಧೂಳು ತಡೆಯುವ ಮುಖವಾಡ, ದಿನಕ್ಕೆ ಎಂಟು ಗಂಟೆಯ ದುಡಿಮೆ, ಕೂಲಿಯನ್ನು ಕೆಲಸಗಾರರ ಕೈಗೇ ಕೊಟ್ಟು ಸಹಿ ಪಡೆಯುವುದು ಎಂದು ಬರೆದಿದೆ. ಮೊತ್ತ ಮೊದಲಿನದಕ್ಕಿಂತ ಹೆಚ್ಚು. ದಾನಿಗಳ ಹೆಸರನ್ನು ಕೆತ್ತಿಸುವ ಅಮೃತಶಿಲೆಯ ಫಲಕಕ್ಕೆಂದು ತೆಗೆದಿರಿಸಿದ ಹಣವನ್ನು ಆ ವ್ಯತ್ಯಾಸಕ್ಕೆ ಬಳಸಬಹುದೇ ಎಂಬುದು ಕಾರ್ಯಸೂಚಿಯ ಮೂರನೆಯ ವಿಷಯ. ಇಬ್ಬರು ದಾನಿಗಳು ಈಗಾಗಲೇ ಒಪ್ಪಿ ಪತ್ರ ಬರೆದಿದ್ದಾರೆ, ಒಬ್ಬರು ಒಪ್ಪಿಲ್ಲ.