ರೊಕ್ಕ ಇದ್ದವರ ಆಕಾಶ

ತುಂಗಭದ್ರೆಯ ದಂಡೆಯ ಐರಣಿಯಲ್ಲಿ ಕೂಲಿಯವನ ಹಸುಗೂಸಿಗೆ ಹೃದಯದ ಕಾಯಿಲೆ, ತಡಮಾಡದೆ ಬೆಂಗಳೂರಿಗೆ ಒಯ್ಯಿರಿ ಅಂದರು ಅಂತ ಇಟ್ಟುಕೊಳ್ಳಿ. ಸಾಹುಕಾರನ ಕೂಸಾದರೆ ಹುಬ್ಬಳ್ಳಿಯಿಂದ ವಿಮಾನ ಏರುತ್ತದೆ. ಅದಕ್ಕೆ ಲಕ್ಷಗಟ್ಟಲೆ ರೊಕ್ಕ ಎಣಿಸಬೇಕು. ಕೂಲಿಯವನ ಕೂಸಿಗೆ ಸುಮಾರು 300 ಕಿಲೋಮೀಟರ್ ರಸ್ತೆ. ಕಾಯಿಲೆ ಒಂದೇ, ಬೇರೆಯಾದದ್ದು ಅಪ್ಪನ ಕಿಸೆ.

2020ರ ಫೆಬ್ರವರಿಯಲ್ಲಿ ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ 40 ದಿನದ ಕೂಸೊಂದನ್ನು ಆಂಬ್ಯುಲೆನ್ಸಿನಲ್ಲಿ ನಾಲ್ಕೂವರೆ ಗಂಟೆಯೊಳಗೆ ತಲುಪಿಸಿದರು. ಪೊಲೀಸರು ದಾರಿ ಬಿಡಿಸಿದರು, ಊರೂರಿನ ಜನ ರಸ್ತೆಗಿಳಿದು ನೆರವಾದರು. ಆ ಜನಕ್ಕೆ ಕೈಮುಗಿಯಬೇಕು. ಆದರೆ ಈ ಕರುಣೆ ಎಲ್ಲ ಕೂಸಿಗೂ ಎದ್ದು ನಿಲ್ಲುತ್ತದೆಯೇ? ಕೇರಿಯ ಕೂಸಿನ ಸುದ್ದಿ ಕೇರಿ ದಾಟುವುದೇ ಕಷ್ಟ. ಈಗಂತೂ ಮೂಗಿಗೆ ನಳಿಗೆ ಹಾಕಿದ ಕೂಸಿನ ಫೋಟೋ ಮೊಬೈಲಿನಲ್ಲಿ ಹರಿಯಬಿಟ್ಟು ರೊಕ್ಕ ಬೇಡಬೇಕಾಗಿದೆ. ಜೀವ ಉಳಿಯಬೇಕಾದರೆ ಮೊದಲು ಮಾನ ಬಿಡು ಅನ್ನುವುದು ಯಾವ ನ್ಯಾಯ?

ಸರ್ಕಾರದ ಹತ್ತಿರ ರೊಕ್ಕ ಎಲ್ಲಿದೆ ಅಂತಾರೆ. 1992ರಲ್ಲಿ ಪಶ್ಚಿಮ ಬಂಗಾಳದ ಹಕೀಂ ಶೇಖ್ ಎಂಬ ಕೃಷಿ ಕೂಲಿ ರೈಲಿನಿಂದ ಬಿದ್ದ. ಸರ್ಕಾರಿ ದವಾಖಾನೆಗಳು ಒಂದರ ಹಿಂದೊಂದು ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಅಂದವು. ಕಡೆಗೆ ಖಾಸಗಿ ಆಸ್ಪತ್ರೆಗೆ ರೊಕ್ಕ ಸುರಿಯಬೇಕಾಯಿತು. 1996ರಲ್ಲಿ ಸುಪ್ರೀಂ ಕೋರ್ಟು ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ರೊಕ್ಕವಿಲ್ಲ ಎಂಬ ನೆಪದಿಂದ ಸರ್ಕಾರ ಜೀವ ಉಳಿಸುವ ಹೊಣೆ ಕಳಚಿಕೊಳ್ಳುವಂತಿಲ್ಲ ಅಂದಿತು. ರೋಗಿಯನ್ನು ಸಾಗಿಸುವ ವಾಹನದ ಮಾತೂ ಆ ತೀರ್ಪಿನಲ್ಲಿದೆ.

ಒಂದು ಹಾರಾಟದ ರೊಕ್ಕದಲ್ಲಿ ಹತ್ತು ಜೀವ ಉಳಿಸಬಹುದಲ್ಲ ಅಂತ ಲೆಕ್ಕ ಹೇಳುವವರಿದ್ದಾರೆ. ಲೆಕ್ಕ ಪೂರಾ ಸುಳ್ಳಲ್ಲ. 108 ಗಾಡಿ, ತಾಲೂಕು ದವಾಖಾನೆಯಲ್ಲಿ ಮಕ್ಕಳ ಡಾಕ್ಟರು, ಇವು ಮೊದಲು ಬೇಕು. ವಿಮಾನವೇನು ಐರಣಿಯ ಹೊಲದಲ್ಲಿ ಇಳಿಯುವುದಿಲ್ಲ, ಹುಬ್ಬಳ್ಳಿಯವರೆಗೆ ಗಾಡಿಯೇ ಗತಿ. ಆದರೆ ಈ ಲೆಕ್ಕದ ವಹಿ ಬಡವನ ಕೂಸಿನ ಮುಂದೆ ಮಾತ್ರ ಯಾಕೆ ಬಿಚ್ಚಿಕೊಳ್ಳುತ್ತದೆ? ಮಂತ್ರಿಗಳು ಮದುವೆಗೋ ಜಾತ್ರೆಗೋ ಹೆಲಿಕಾಪ್ಟರ್ ಏರಿದಾಗ ಹತ್ತು ಜೀವದ ಮಾತು ಯಾರೂ ಎತ್ತುವುದಿಲ್ಲ.

ಮಧ್ಯಪ್ರದೇಶದಲ್ಲಿ 2024ರಲ್ಲಿ ಆಯುಷ್ಮಾನ್ ಕಾರ್ಡಿನ ರೋಗಿಗಳಿಗೆ ವಿಮಾನದ ಆಂಬ್ಯುಲೆನ್ಸ್ ಪುಕ್ಕಟೆ ಮಾಡಿದರು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗದು? ಯಾರು ಹಾರಬೇಕು ಅಂತ ಡಾಕ್ಟರು ಬರೆಯಲಿ, ಕೂಸಿನ ನಾಡಿ ನೋಡಿ. ಬಿಲ್ಲು ಖಜಾನೆಗೆ ಹೋಗಲಿ. ಮತ್ತೆ, ಬೆಂಗಳೂರಿನಲ್ಲಿ ಹಾಸಿಗೆ ಖಾತ್ರಿ ಮಾಡಿಕೊಂಡೇ ಗಾಡಿ ಐರಣಿ ಬಿಡಲಿ.