ಒಣಗಿದ ಕಡ್ಡಿ ಅಂದುಕೊಂಡಿದ್ದೆ

ಕಳೆದ ಜನವರಿಯಲ್ಲಿ ಮಂಗಳೂರಿಗೆ ಹೋದಾಗ ಅಮ್ಮನಿಗೊಂದು ಉಪಕಾರ ಮಾಡಿದೆ. ಸಿಟೌಟ್‌ನಲ್ಲಿ ನೇತುಹಾಕಿದ್ದ ಹೋಯಾ ಬಳ್ಳಿ ಕಂಡಾಪಟ್ಟೆ ಬೆಳೆದಿತ್ತು. ಎಲೆಯೇ ಇಲ್ಲದ ಉದ್ದುದ್ದ ಕುಡಿಗಳು ಗಾಳಿಯಲ್ಲಿ ಜೋಲಾಡ್ತಿದ್ದವು. ಎಲೆಗಳ ಸಂದಿಯಲ್ಲಿ ಬೆಂಕಿಕಡ್ಡಿಯಂಥ ಮೋಟು ಕಡ್ಡಿಗಳು. ಅಮ್ಮ ಮಾರ್ಕೆಟ್‌ಗೆ ಹೋಗಿದ್ದ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ನೀಟಾಗಿ ಟ್ರಿಮ್ ಮಾಡಿ, ಫೋಟೊ ತೆಗೆದು ಸ್ಟೇಟಸ್‌ಗೂ ಹಾಕಿದೆ.

ಅಮ್ಮ ಬಂದವಳು ಕೈಯಲ್ಲಿದ್ದ ಚೀಲ ಕೆಳಗಿಡದೆ ನಿಂತಳು.

"ಎಂತ ಮಾಡಿದ್ದು ನೀನು? ಹೂ ಬಿಡುವ ಕಡ್ಡಿಯನ್ನೇ ತೆಗೆದಿದ್ದೀಯಲ್ಲ!"

"ಒಣಗಿತ್ತಲ್ಲಮ್ಮ."

"ಒಣಗಿದ್ದಲ್ಲ ಮಾರಾಯ್ತಿ, ಸುಮ್ಮನೆ ಇದ್ದದ್ದು."

ಕತ್ತರಿಸಿದ ಜಾಗದಲ್ಲಿ ಬಿಳಿ ಹಾಲು ತೊಟ್ಟಿಕ್ಕುತ್ತಿತ್ತು. ಹೋಯಾ ನಮ್ಮ ಎಕ್ಕ, ಕಣಗಿಲೆ, ನಂದಿಬಟ್ಟಲಿನ ಕುಟುಂಬದ್ದು, ಗಾಯವಾದರೆ ಹಾಲು ಸುರಿಸುತ್ತದೆ. ಸತ್ತ ಕಡ್ಡಿಯಿಂದ ಹಾಲು ಬರುತ್ತದೆಯೇ ಅಂತ ಆಗಲೇ ಅನಿಸಬೇಕಿತ್ತು.

ಆಮೇಲೆ ತಿಳಿದದ್ದು ಇಷ್ಟು. ಹೆಚ್ಚಿನ ಬಳ್ಳಿಗಳಂತೆ ಹೋಯಾ ಪ್ರತಿ ಸಲ ಹೊಸ ತೊಟ್ಟು ಹುಟ್ಟಿಸಿಕೊಳ್ಳುವುದಿಲ್ಲ. ಹೂಗೊಂಚಲು ಉದುರಿದ ಮೇಲೂ ಆ ಮೋಟು ಕಡ್ಡಿ ಅಲ್ಲೇ ಉಳಿದು, ಮುಂದಿನ ಸಲ ಅದೇ ತುದಿಯಲ್ಲಿ ಮತ್ತೆ ಮೊಗ್ಗು ಬರುತ್ತದೆ. ಮೇಣದಲ್ಲಿ ಎರಕ ಹೊಯ್ದಂಥ ಪುಟ್ಟ ನಕ್ಷತ್ರಗಳ ಗೊಂಚಲು, ರಾತ್ರಿಯಾದರೆ ಘಮ. ಇನ್ನು ಎಲೆಯಿಲ್ಲದ ಆ ಕುಡಿಗಳು ಆಸರೆ ಹುಡುಕುತ್ತಿರುತ್ತವೆ. ಹಿಡಿಯಲು ಏನಾದರೂ ಸಿಕ್ಕಿದ ಮೇಲೆ ಎಲೆ ಬಿಡುತ್ತವೆ. ನಾನು ಕತ್ತರಿಸಿದ್ದು ಬಳ್ಳಿಯ ಹಳೆಯ ಹೂವಿನ ಜಾಗವನ್ನು, ಜೊತೆಗೆ ಅದು ಮುಂದಕ್ಕೆ ಚಾಚಿದ್ದ ಕೈಯನ್ನು.

ಉದ್ದೇಶ ಒಳ್ಳೆಯದಿತ್ತಲ್ಲ ಅಂತ ನೀವು ಹೇಳಬಹುದು. ನಾನೂ ಅದನ್ನೇ ಹೇಳಿದೆ. ಆದರೆ ಉದ್ದೇಶ ಒಳ್ಳೆಯದಿದ್ದರೆ ಸಾಕಾ? ಪ್ರೀತಿಯಿದೆ ಅನ್ನುವ ಒಂದೇ ಕಾರಣಕ್ಕೆ ಇನ್ನೊಂದು ಜೀವದ ಮೇಲೆ ಕೈಹಾಕುವ ಹಕ್ಕು ಬಂದುಬಿಡುತ್ತಾ?

ಮಂಗಳೂರಿನ ಸೆಕೆಯಲ್ಲಿ, ಗಾಳಿಯ ತೇವದಲ್ಲಿ ಹೋಯಾ ಸುಖವಾಗಿರುತ್ತದೆ. ಕಾಡಿನಲ್ಲಿ ಅದರ ಜಾತಿಯ ಹಲವು ಬಳ್ಳಿಗಳು ಸೀತಾಳೆ ದಂಡೆಯ ಹಾಗೆ ಮರದ ಮೇಲೇ ಬದುಕುತ್ತವೆ. ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ, ಬರೀ ಆತುಕೊಂಡಿರುತ್ತವೆ. ಹಾಗಾಗಿ ಬೇರಿಗೆ ಗಾಳಿ ಬೇಕು. ಅಮ್ಮನ ಕುಂಡದಲ್ಲಿ ಮಣ್ಣು ಹೆಸರಿಗಷ್ಟೇ. ಉಳಿದದ್ದು ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆಯ ಚೂರು. ಬೆಳಗಿನ ಎಳೆ ಬಿಸಿಲು ಸಾಕು. ಜೂನ್ ಬಂತೆಂದರೆ ಮಳೆ ನೇರವಾಗಿ ಬೀಳದ ಹಾಗೆ ಮಾಡಿನ ಅಡಿಗೆ ತರಬೇಕು. ಕುಂಡ ಸಣ್ಣದಾಯಿತು ಅಂತ ಪದೇ ಪದೇ ಬದಲಾಯಿಸಬಾರದು, ಬೇರು ಸ್ವಲ್ಪ ಇಕ್ಕಟ್ಟಾಗಿದ್ದರೇ ಅದಕ್ಕೆ ಇಷ್ಟ.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಎಲೆಯ ವಿಚಾರ. ನೀರು ಕಮ್ಮಿಯಾದರೆ ಹೋಯಾದ ದಪ್ಪ ಎಲೆ ಸುಕ್ಕಾಗುತ್ತದೆ. ನೀರು ಹೆಚ್ಚಾಗಿ ಬೇರು ಕೊಳೆತರೂ ಸುಕ್ಕಾಗುತ್ತದೆ, ಯಾಕೆಂದರೆ ಕೊಳೆತ ಬೇರಿಗೆ ನೀರು ಹೀರಲು ಆಗುವುದಿಲ್ಲ. ನೋಡಲು ಎರಡೂ ಒಂದೇ. ಸುಕ್ಕು ಕಂಡ ತಕ್ಷಣ ಅಯ್ಯೋ ಪಾಪ ಅಂತ ನೀರು ಸುರಿದರೆ, ಮುಳುಗುತ್ತಿರುವವರಿಗೆ ಕುಡಿಯಲು ಕೊಟ್ಟ ಹಾಗೆ. ಮೊದಲು ಕುಂಡದೊಳಗೆ ಬೆರಳಿಟ್ಟು ನೋಡಬೇಕು.

ಅಪ್ಪ ಹೋಗಿ ಮೂರು ವರ್ಷ. ಅಮ್ಮ ಒಬ್ಬಳೇ. ಒಂದು ಸಲ ಬಾತ್‌ರೂಮ್‌ನಲ್ಲಿ ಜಾರಿದ್ದಳು. ಪೆಟ್ಟೇನೂ ಆಗಲಿಲ್ಲ, ಆದರೆ ಬೆಂಗಳೂರಿನಲ್ಲಿ ಕೂತ ನನಗೆ ನಿದ್ದೆ ಹೋಯಿತು. ಹಾಲ್‌ಗೆ ಕ್ಯಾಮೆರಾ ಹಾಕಿಸಿದೆ. ಎರಡು ಮೀಟಿಂಗ್‌ಗಳ ನಡುವೆ ಆ್ಯಪ್ ತೆರೆದು ನೋಡುವುದು, "ಇನ್ನೂ ಊಟ ಆಗಿಲ್ವಾ?" ಅಂತ ಫೋನ್ ಮಾಡುವುದು. ತರಕಾರಿ ನಾನೇ ಆರ್ಡರ್ ಮಾಡ್ತೇನೆ, ಮಾರ್ಕೆಟ್‌ಗೆ ಹೋಗಬೇಡ ಅಂತ ಬೇರೆ. ನನ್ನ ಸಹೋದ್ಯೋಗಿಗಳಲ್ಲಿ ಹಲವರ ಫೋನಿನಲ್ಲಿ ಊರಿನ ಮನೆ ಹೀಗೇ ಕೂತಿದೆ. ನಿಮ್ಮದರಲ್ಲೂ ಇರಬಹುದು.

ಆ ದಿನ ಸಂಜೆ ನೋಡಿದರೆ ಕ್ಯಾಮೆರಾದ ಮೇಲೆ ಬೈರಾಸು. ಕೆಲವು ವಾರಗಳಿಂದ ಚಿತ್ರ ಕತ್ತಲಾಗಿ ಬರುತ್ತಿತ್ತು, ಬಲ್ಬು ಹೋಗಿದೆ ಅಂತ ಅಮ್ಮ ಹೇಳಿದ್ದಳು. ಯಾಕಮ್ಮ ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಹಾಲ್‌ನಲ್ಲಿ ಕೂತು ಸ್ವಲ್ಪ ಅತ್ತರೂ ನಿನಗೆ ಕಾಣ್ತದೆ" ಅಂದಳು.

ನಾನು ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ, ನಿಜ. ಅಳಬೇಕು ಅಂತ ಅವಳಿಗೆ ಅನಿಸುತ್ತಿದೆ ಅನ್ನುವುದು ಮಾತ್ರ ಒಮ್ಮೆಯೂ ಕಂಡಿರಲಿಲ್ಲ.

ಐರಿಸ್ ಮರ್ಡಾಕ್ ಅನ್ನುವ ತತ್ವಜ್ಞಾನಿ 1970ರಲ್ಲಿ ಬಂದ 'ದಿ ಸಾವರಿನ್ಟಿ ಆಫ್ ಗುಡ್' ಪುಸ್ತಕದಲ್ಲಿ ಒಂದು ಅತ್ತೆ-ಸೊಸೆಯ ಉದಾಹರಣೆ ಕೊಡುತ್ತಾರೆ. ಅತ್ತೆಗೆ ಸೊಸೆ ಒರಟು, ನಯನಾಜೂಕಿಲ್ಲದವಳು ಅನ್ನುವ ಭಾವನೆ. ಹೊರಗೆ ಮಾತ್ರ ಚೆನ್ನಾಗಿಯೇ ನಡೆದುಕೊಳ್ಳುತ್ತಾಳೆ. ಆಮೇಲೆ ತನ್ನದೇ ಪೂರ್ವಗ್ರಹವನ್ನು ಅನುಮಾನಿಸಿ ಮತ್ತೊಮ್ಮೆ ನೋಡುತ್ತಾಳೆ. ಒರಟು ಅನಿಸಿದ್ದು ಸರಳತೆಯಾಗಿ ಕಾಣುತ್ತದೆ. ಹೊರಗೆ ಏನೂ ಬದಲಾಗಿಲ್ಲ, ಆದರೂ ಅವಳು ನೈತಿಕವಾಗಿ ಒಂದು ಕೆಲಸ ಮಾಡಿದ್ದಾಳೆ ಅನ್ನುವುದು ಮರ್ಡಾಕ್ ವಾದ. ಸರಿಯಾಗಿ ನೋಡುವುದೇ ಒಂದು ಕರ್ತವ್ಯ. ಕ್ಯಾಮೆರಾ ನನಗೆ ಆ ಕರ್ತವ್ಯ ಮುಗಿಯಿತು ಅನ್ನುವ ಭ್ರಮೆ ಕೊಟ್ಟಿತ್ತು.

ಹಾಗಂತ ಅವರವರ ಪಾಡಿಗೆ ಬಿಟ್ಟುಬಿಡುವುದೇ ದೊಡ್ಡ ಗೌರವ ಅಂತ ನಾನು ಹೇಳುತ್ತಿಲ್ಲ. ಜೂನ್ ಮಳೆಗೆ ಕುಂಡವನ್ನು ಯಾರಾದರೂ ಒಳಗೆ ತರಲೇಬೇಕು. ಹಿಟ್ಟು ತಿಗಣೆ ಬಂದಾಗ ಒರೆಸಲೇಬೇಕು. ಬಿಟ್ಟುಬಿಡುವುದು ಎಷ್ಟೋ ಸಲ ನಮ್ಮ ಸೋಮಾರಿತನಕ್ಕೆ ಇಟ್ಟ ಒಳ್ಳೆಯ ಹೆಸರು. ಆದರೆ ಇನ್ನೊಂದು ತುದಿಯೂ ಇದೆ. ಪ್ರೇಮಿಗಳ ದಿನಕ್ಕೆ ಪುಟ್ಟ ಕುಂಡದಲ್ಲಿ ಮಾರುವ ಹೃದಯದಾಕಾರದ ಒಂಟಿ ಎಲೆ ನೋಡಿರುತ್ತೀರಿ. ಅದೂ ಹೋಯಾವೇ. ಗೆಣ್ಣು ಇಲ್ಲದೆ ಕಿತ್ತ ಎಲೆಯಾದರೆ ಬೇರು ಬಿಟ್ಟು ವರ್ಷಗಟ್ಟಲೆ ಹಸಿರಾಗಿರಬಹುದು, ಬಳ್ಳಿ ಮಾತ್ರ ಆಗುವುದಿಲ್ಲ. ಮಾರ್ಕೆಟ್‌ಗೂ ಹೋಗದೆ ಕ್ಯಾಮೆರಾದ ಚೌಕಟ್ಟಿನೊಳಗೆ ಕೂತಿರುವ ಅಮ್ಮ ನನಗೆ ಬೇಕಾಗಿದ್ದಳು. ಸುರಕ್ಷಿತ, ಅಷ್ಟೇ.

ಆ ರಾತ್ರಿ ಮೊದಲ ಸಲ ಏನು ಬೇಕು ಅಂತ ಅವಳನ್ನೇ ಕೇಳಿದೆ. ಲಿಸ್ಟ್ ರೆಡಿ ಇತ್ತು. ಬಾತ್‌ರೂಮ್ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ. ಪಕ್ಕದ ಮನೆಯಲ್ಲಿ ಒಂದು ಕೀ. ಬೆಳಿಗ್ಗೆ ಏಳಕ್ಕೆ ಅವಳೇ ಮೆಸೇಜ್ ಹಾಕುವುದು. ಎಂಟಾದರೂ ಬರದಿದ್ದರೆ ನಾನು ಫೋನ್ ಮಾಡುವುದು. ಕ್ಯಾಮೆರಾ ತೆಗೆದೆವು.

ಭಯ ಹೋಗಿಲ್ಲ. ಒಂದು ದಿನ ಎಂಟು ಇಪ್ಪತ್ತಾದರೂ ಮೆಸೇಜ್ ಇಲ್ಲ, ಫೋನ್ ಎತ್ತುತ್ತಿಲ್ಲ. ಕೊನೆಗೆ ಗೊತ್ತಾಯಿತು, ಗೇಟಿನ ಹತ್ತಿರ ಮೀನಿನವಳ ಜೊತೆ ಬಂಗುಡೆಗೆ ಚರ್ಚೆ ನಡೆಯುತ್ತಿತ್ತು. ಆ ಇಪ್ಪತ್ತು ನಿಮಿಷ ನಾನು ಪಟ್ಟ ಪಾಡು ಕಮ್ಮಿಯಲ್ಲ. ಆದರೆ ಅದು ನನ್ನ ಭಯ. ನಾನೇ ಹೊರಬೇಕು. ಅಮ್ಮನ ಹಾಲ್‌ನ ಗೋಡೆಗೆ ಅದನ್ನು ಮೊಳೆ ಹೊಡೆದು ನೇತುಹಾಕುವುದು ನ್ಯಾಯವಲ್ಲ.

ಹೋಯಾ ಈ ವರ್ಷ ಹೂ ಬಿಡಲಿಲ್ಲ. ಮೊನ್ನೆ ಅಮ್ಮ ಒಂದು ಫೋಟೊ ಕಳಿಸಿದಳು. ಎಲೆಯ ಸಂದಿಯಲ್ಲಿ ಬೆಂಕಿಕಡ್ಡಿಯಂಥ ಒಂದು ಹೊಸ ಮೋಟು. ಕೆಳಗೆ ಬರೆದಿದ್ದಳು: "ದೀಪಾವಳಿಗೆ ಬಾ. ಕತ್ತರಿ ಅಡಗಿಸಿ ಇಟ್ಟಿದ್ದೇನೆ."